ಅಳಿವೆ ಮರಿಗೆ ಕೊಬ್ಬು 6, ಪಂಜರದ ಮರಿಗೆ 5.2: ಇದು ಉಲ್ಟಾ ಅಲ್ವಾ?

ಅಳಿವೆಯಂಚು
ಸೀಬಾಸ್ ಮರಿಗಳ (ಕಾರವಾರದ ಕಡೆ ಚೋಣಕ್ ಅಂತಾರಲ್ಲ, ಅದೇ) ಎರಡು ಲ್ಯಾಬ್ ವರದಿ ಮುಂದಿದೆ. ಒಂದು ಅಳಿವೆಯಲ್ಲಿ ಬಲೆಗೆ ಬಿದ್ದ ಮರಿಗಳದ್ದು, ಕೊಬ್ಬು 6.0%. ಇನ್ನೊಂದು ಪಂಜರದಲ್ಲಿ ಪೆಲೆಟ್ ತಿನ್ನಿಸಿ ಬೆಳೆಸಿದ್ದು, 5.2%. ಎರಡೂ 250–300 ಗ್ರಾಂ ಆಸುಪಾಸು. ಸಾಕಿದ ಮೀನಿಗೇ ಕೊಬ್ಬು ಜಾಸ್ತಿ ಅಂತ ಎಲ್ಲಾ ಕಡೆ ಓದ್ತೀವಿ. ಪಂಜರದ್ದರ ಹೊಟ್ಟೆ ಸೀಳಿದರೆ ಕರುಳಿನ ಸುತ್ತ ಬಿಳಿ ಕೊಬ್ಬು ಮೆತ್ತಿಕೊಂಡಿರುತ್ತೆ, ಅಳಿವೆಯದ್ದಕ್ಕೆ ಹೆಚ್ಚುಕಮ್ಮಿ ಏನೂ ಇರಲ್ಲ. ಆದರೂ ಅಂಕಿ ಹೀಗೆ. ಲ್ಯಾಬ್ ತಪ್ಪಾ, ಓದಿದ್ದು ತಪ್ಪಾ?

ಗಾಳದವ
ಡಬ್ಬಿ ಅದಲುಬದಲು ಆಗಿರುತ್ತೆ. ಇನ್ನೇನು.

ಸಾಕ್ಸ್‌ಲೆಟ್
ಡಬ್ಬಿಗೆ ಹೋಗುವ ಮೊದಲು ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಹಸಿ ತೂಕದ ಮೇಲಾ, ಒಣ ತೂಕದ ಮೇಲಾ? ಮೀನಿನ ಕೊಬ್ಬಿನ ಜಗಳಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತೆ.

ಅಳಿವೆಯಂಚು
ನೋಡಿದೆ. ಅಳಿವೆಯದ್ದು ಒಣ ತೂಕ, ತೇವಾಂಶ 78%. ಪಂಜರದ್ದು ಹಸಿ ತೂಕ.

ಸಾಕ್ಸ್‌ಲೆಟ್
ಅದೇ ನೋಡಿ. ತೇವಾಂಶ 78 ಅಂದರೆ 100 ಗ್ರಾಂ ಹಸಿ ಮೀನಿನಲ್ಲಿ ಒಣಪದಾರ್ಥ 22 ಗ್ರಾಂ ಮಾತ್ರ. 22ರಲ್ಲಿ 6% ಅಂದರೆ 1.32 ಗ್ರಾಂ. ಆಗ ಅಳಿವೆ ಮರಿ 1.32%, ಪಂಜರದ ಮರಿ 5.2%. ಹತ್ತಿರ ಹತ್ತಿರ ನಾಲ್ಕು ಪಟ್ಟು.

ಗಾಳದವ
ಅಂದ್ರೆ ಹೊಳೆ ಮೀನೇ ಒಳ್ಳೇದು. ಫಾರಂ ಮೀನು ಅಂದ್ರೆ ಬ್ರಾಯ್ಲರ್ ಕೋಳಿ ಇದ್ದಂಗೆ, ಬರೀ ಕೊಬ್ಬು. ಚರ್ಚೆ ಮುಗೀತು.

ತವುಡುಹಿಂಡಿ
ಮುಗಿದಿಲ್ಲ ಅಣ್ಣಾ, ಶುರುವೇ ಆಗಿಲ್ಲ. ಅಳಿವೆಯಂಚು ಅವರೇ, ಎರಡೂ ಒಂದೇ ಭಾಗದ್ದಾ? ಬರೀ ಮಾಂಸ ರುಬ್ಬಿದ್ದಾ, ಇಡೀ ಮೀನು ರುಬ್ಬಿದ್ದಾ?

ಅಳಿವೆಯಂಚು
ಅಯ್ಯೋ. ಅಳಿವೆಯದ್ದು ಫಿಲೆಟ್. ಪಂಜರದ್ದು ಇಡೀ ಮೀನು.

ತವುಡುಹಿಂಡಿ
ಹಾಗಿದ್ರೆ ಆ ನಾಲ್ಕು ಪಟ್ಟೂ ನಿಲ್ಲಲ್ಲ. ಸೀಬಾಸ್ ತನ್ನ ಹೆಚ್ಚುವರಿ ಕೊಬ್ಬನ್ನ ಮೊದಲು ತುಂಬೋದು ಹೊಟ್ಟೆಯೊಳಗೆ, ಕರುಳಿನ ಸುತ್ತ. ಆಮೇಲೆ ಈಲಿಯಲ್ಲಿ (ಲಿವರ್) ಮತ್ತು ಹೊಟ್ಟೆ ಪಕ್ಕದ ತೆಳು ಮಾಂಸದಲ್ಲಿ. ಬೆನ್ನಿನ ಬಿಳಿ ಮಾಂಸಕ್ಕೆ ಬರೋದು ತೀರಾ ಕಡಿಮೆ. ಬೂತಾಯಿ (ಸಾರ್ಡಿನ್) ಹಾಗಲ್ಲ, ಅದರ ಮಾಂಸದೊಳಗೇ ಎಣ್ಣೆ. ಇಡೀ ಮೀನು ರುಬ್ಬಿದ್ರೆ ನಾವು ಕಿತ್ತು ಬೆಕ್ಕಿಗೆ ಎಸೆಯೋ ಕೊಬ್ಬೂ ಲೆಕ್ಕಕ್ಕೆ ಬರುತ್ತೆ. 300 ಗ್ರಾಂ ಮೀನಿನ ಹೊಟ್ಟೆಯಲ್ಲಿ 9 ಗ್ರಾಂ ಕೊಬ್ಬಿನ ಗೆಡ್ಡೆ ಇದ್ದರೆ ಅದೊಂದೇ 3% ಆಯ್ತು. ತಟ್ಟೆಗೆ ಬರೋ ತುಂಡಿನಲ್ಲಿ ಅದು ಇರೋದೇ ಇಲ್ಲ. ಇಡೀ ಮೀನಿನ ಅಂಕಿಯಿಂದ ಫಿಲೆಟ್ ಅಂಕಿಯನ್ನ ಹಿಂದಕ್ಕೆ ಲೆಕ್ಕ ಹಾಕಕ್ಕೂ ಆಗಲ್ಲ, ಬೇರೆಯಾಗೇ ಅಳೀಬೇಕು.

ಬೆರಳುದ್ದದ ಮರಿ ಆದ್ರೆ ಮಾತು ಬೇರೆ. ಅದನ್ನ ತಲೆ, ಮುಳ್ಳು ಸಮೇತ ತಿಂತಾರೆ, ಅಲ್ಲಿ ಇಡೀ ಮೀನಿನ ಅಂಕಿಯೇ ಸರಿ.

ಪಥ್ಯದಡುಗೆ
250–300 ಗ್ರಾಂ ಮೀನನ್ನ 'ಮರಿ' ಅಂತಿದ್ದೀರಲ್ಲ, ಅದು ಸರೀನಾ? ಅದು ಮಾರುಕಟ್ಟೆ ಮೀನೇ ಅಲ್ವಾ?

ಅಳಿವೆಯಂಚು
ಮಾರುಕಟ್ಟೆ ಮೀನೂ ಹೌದು, ಮರಿಯೂ ಹೌದು. ಸೀಬಾಸ್ ಮೊದಲು ಗಂಡಾಗಿ ಬಲಿಯುತ್ತೆ, ಅದೂ ಮೂರು ನಾಲ್ಕು ವರ್ಷಕ್ಕೆ, ಕಿಲೋಗಟ್ಟಲೆ ತೂಗುವಾಗ. ವರ್ಷಗಳು ಕಳೆದ ಮೇಲೆ ಅದೇ ಮೀನು ಹೆಣ್ಣಾಗುತ್ತೆ. ನಾವು ತಿನ್ನೋ ಅರ್ಧ ಕೆಜಿ, ಒಂದು ಕೆಜಿ ಚೋಣಕ್ ಎಲ್ಲಾ ಇನ್ನೂ ಎಳೆಯವೇ. ಇದು ಕೊಬ್ಬಿನ ಲೆಕ್ಕಕ್ಕೂ ಬೇಕು. ಎಳೆ ಮೀನು ಮೊಟ್ಟೆಗೆ, ಹಾಲಿಗೆ (ಗಂಡು ಮೀನಿನ ವೀರ್ಯ) ಅಂತ ಕೊಬ್ಬು ಖರ್ಚು ಮಾಡಲ್ಲ. ತಿಂದದ್ದು ಮೊದಲು ಬೆಳವಣಿಗೆಗೆ, ಮಿಕ್ಕಿದ್ದು ಹೊಟ್ಟೆಗೆ.

ಡ್ಯಾಂ ದಂಡಿ
ನೋಡ್ರಿ, ಸೀಬಾಸ್ ಬಿಡ್ರಿ, ಅದು ಕರಾವಳಿ ಮಂದಿದು. ನಮ್ಮ ಕಡೆ ರೋಹು, ಕಟ್ಲಾ ಲೆಕ್ಕ ಹೇಳ್ರಿ. 'ಕೆರಿ ಮೀನ ಬ್ಯಾರೆ, ಸಾಕಿದ ಮೀನ ಬ್ಯಾರೆ' ಅಂತಾರಲ್ಲ, ಆ ಮಾತು ಅರ್ಧ ಸುಳ್ಳು. ರೋಹು, ಕಟ್ಲಾ, ಮೃಗಾಲ್ ನಿಂತ ನೀರಾಗ ಮೊಟ್ಟಿ ಇಡಂಗಿಲ್ಲ, ಅವಕ್ಕ ಮಳಿಗಾಲದ ಹರಿಯೋ ಹೊಳಿ ಬೇಕು. ಮೂಲ ನೋಡಿದ್ರ ಗಂಗಾ ಕಡೆಯ ಮೀನ. 1957ರಾಗ ಒಡಿಶಾದಾಗ ಪಿಟ್ಯುಟರಿ ಗ್ರಂಥಿಯ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿದ ಮ್ಯಾಲೆ ದೇಶದ ತುಂಬ ಹರಡಿದವು. ಅಂದ್ರ ನಿಮ್ಮೂರ ಕೆರಿಯಾಗಿನ ರೋಹುನೂ ಹ್ಯಾಚರಿ ಮರಿನ. ಸೊಸೈಟಿಯವರು ತಂದು ಬಿಟ್ಟಿರ್ತಾರ. ಕೆರಿಯಾಗ ಪಾಚಿ, ಪ್ಲವಕ (ನೀರಾಗ ತೇಲೋ ಸಣ್ಣ ಜೀವಿ) ತಿಂದು ಬೆಳದೈತಿ, ಕೊಳದಾಗ ತವುಡು ಹಿಂಡಿ ತಿಂದು ಬೆಳದೈತಿ. ಅಷ್ಟ ಫರಕು. ತಳಿ ಒಂದ, ಊಟ ಬ್ಯಾರೆ.

ಗಾಳದವ
ಇದು ಗೊತ್ತಿರಲಿಲ್ಲ. ಆದ್ರೂ ರುಚಿ ಬೇರೆ ಅಲ್ವಾ?

ಡ್ಯಾಂ ದಂಡಿ
ರುಚಿ ಬ್ಯಾರೆ ಐತಿ, ಇಲ್ಲ ಅನ್ನಂಗಿಲ್ಲ. ಊಟ ಬ್ಯಾರೆ ಆದ್ರ ರುಚಿ ಬ್ಯಾರೆ ಆಗಬೇಕಲ್ರೀ.

ತವುಡುಹಿಂಡಿ
ಡ್ಯಾಂ ದಂಡಿಯವರ ಮಾತಿಗೆ ಒಂದು ಲೆಕ್ಕ ಸೇರಿಸ್ತೀನಿ. 'ಪೆಲೆಟ್ ಹಾಕಿದ್ರೆ ಕೊಬ್ಬು, ತವುಡು ಹಿಂಡಿ ಹಾಕಿದ್ರೆ ನಾಟಿ' ಅನ್ನೋ ನಂಬಿಕೆ ಇದೆ. ಎಣ್ಣೆ ತೆಗೆಯದ ಅಕ್ಕಿ ತವುಡಲ್ಲಿ ಎಣ್ಣೆ 15% ಅಂತ ಇಟ್ಕೊಳ್ಳಿ. ಗಾಣದ ಕಡಲೆಕಾಯಿ ಹಿಂಡಿಯಲ್ಲಿ 7%. ಅರ್ಧಕ್ಕರ್ಧ ಬೆರೆಸಿದ್ರೆ 7.5 + 3.5 = 11% ಎಣ್ಣೆ. ಗೆಂಡೆ ಮೀನಿಗೆ ಸಿಗೋ ತೇಲುವ ಪೆಲೆಟ್ ಚೀಲದ ಮೇಲೆ ಓದಿ, ಸಾಮಾನ್ಯವಾಗಿ ಕೊಬ್ಬು 3–5%, ಪ್ರೋಟೀನ್ 24–28%. ಹಾಗಾದ್ರೆ ಕೊಬ್ಬು ಬರಿಸೋದು ಯಾವುದು?

ಎಣ್ಣೆ ತೆಗೆದ ತವುಡು ಹಾಕಿದ್ರೂ ತಪ್ಪಿಸಿಕೊಳ್ಳಕ್ಕಾಗಲ್ಲ. ಅದರಲ್ಲಿ ಎಣ್ಣೆ 1% ಆಸುಪಾಸು, ಆದ್ರೆ ಪಿಷ್ಟ ಧಾರಾಳ. ರೋಹು, ಕಟ್ಲಾ ಪಿಷ್ಟ ಚೆನ್ನಾಗಿ ಅರಗಿಸ್ತವೆ, ಮಿಕ್ಕಿದ್ದನ್ನ ಈಲಿಯಲ್ಲಿ ಕೊಬ್ಬು ಮಾಡ್ತವೆ. ಮೀನಿನ ಕೊಬ್ಬು ಮೇವಿನ ಎಣ್ಣೆಯಿಂದ ಮಾತ್ರ ಬರಲ್ಲ, ಬೆಳವಣಿಗೆಗೆ ಬೇಕಾದ ಪ್ರೋಟೀನ್ ಇಲ್ಲದೆ ಬರೀ ಶಕ್ತಿ ಸುರಿದರೂ ಬರುತ್ತೆ. ಆಂಧ್ರದ ಕಡೆ ತೂತು ಮಾಡಿದ ಚೀಲಕ್ಕೆ ತವುಡು ತುಂಬಿ ಗೂಟಕ್ಕೆ ಕಟ್ತಾರಲ್ಲ, ಅಲ್ಲಿ ಮೀನು ಬೇಕಾದಷ್ಟು ಹೀರ್ತಾ ಇರುತ್ತೆ. ಹೊಟ್ಟೆ ಸೀಳಿದ್ರೆ ಕೊಬ್ಬು ಕಾಣದಿದ್ರೆ ಆಶ್ಚರ್ಯ.

ಕೆರೆ ಏರಿ
ಮರಿ ಹಂತದಲ್ಲಿ ಮೇವಿನ ಪ್ರಮಾಣ ಎಷ್ಟು ಕೊಡ್ತೀರಿ?

ತವುಡುಹಿಂಡಿ
ಬೆರಳುದ್ದದ ಮರಿಗೆ ದಿನಕ್ಕೆ ಒಟ್ಟು ಮೀನಿನ ತೂಕದ 5%, ದೊಡ್ಡದಾದಂತೆ 2–3%ಕ್ಕೆ ಇಳಿಸಬೇಕು. ಮೊದಲ ತಿಂಗಳ ಲೆಕ್ಕವನ್ನೇ ಮುಂದುವರಿಸೋದು ಸಾಮಾನ್ಯ ತಪ್ಪು. ಹದಿನೈದು ದಿನಕ್ಕೊಮ್ಮೆ ಬಲೆ ಎಳೆದು ಸರಾಸರಿ ತೂಕ ತೆಗೆಯದಿದ್ರೆ ಲೆಕ್ಕ ಹಳಿ ತಪ್ಪುತ್ತೆ. ಮೇವು ಹಾಕಿದ ತಟ್ಟೆಯಲ್ಲಿ ಎರಡು ಗಂಟೆ ಬಿಟ್ಟು ಉಳಿದಿದ್ರೆ ಮಾರನೇ ದಿನ ಕಡಿಮೆ ಮಾಡಿ. ಮೋಡ ಕವಿದ ದಿನ ಅರ್ಧ.

ಬೈಗೆ ಬಲೆ
ಮಾರಾಯ್ರೆ, ಕಡಲಿನ ಮೀನು ಮರೆತೇ ಬಿಟ್ರಲ್ಲ. ಕಾಡು ಮೀನಿಗೆ ಒಂದೇ ಅಂಕಿ ಅಂತ ಉಂಟಾ? ಬೂತಾಯಿ ತೆಗೊಳ್ಳಿ. ಮಳೆಗಾಲದಲ್ಲಿ ಮೊಟ್ಟೆ ಹಾಕಿ ಬಡಕಲಾದ ಮೀನಿಗೆ 2–3%, ಮಳೆ ಮುಗಿದು ಪ್ಲವಕ ತಿಂದು ಕೊಬ್ಬಿದ ಮೇಲೆ 15% ದಾಟುವುದೂ ಉಂಟು. ಕಾವಲಿಗೆ ಹಾಕಿದರೆ ತನ್ನದೇ ಎಣ್ಣೆಯಲ್ಲಿ ಬೇಯುತ್ತದೆ. ಅದೇ ಮೀನು, ಅದೇ ಕಡಲು. ಹಾಗಿರುವಾಗ ಅಳಿವೆ ಮರಿ ಯಾವ ತಿಂಗಳು ಹಿಡಿದದ್ದು ಅಂತ ಕೇಳದೆ ಪಂಜರದ ಜೊತೆ ಹೋಲಿಸುವುದು ಹೇಗೆ?

ಪಥ್ಯದಡುಗೆ
ಬೂತಾಯಿ ಮರಿಯಲ್ಲೂ ಅಷ್ಟೇ ಎಣ್ಣೆ ಇರುತ್ತಾ?

ಬೈಗೆ ಬಲೆ
ಇಲ್ಲ, ಮರಿ ತುಂಬ ತೆಳು. ಉದ್ದ ಬೆಳೆಯುವುದಕ್ಕೇ ಎಲ್ಲ ಖರ್ಚು. ಎಣ್ಣೆಗೋಸ್ಕರ ಮರಿ ತಿನ್ನುವವರು ನಷ್ಟದಲ್ಲಿ. ಕೇರಳದಲ್ಲಿ 10 ಸೆಂಮೀಗಿಂತ ಸಣ್ಣ ಬೂತಾಯಿ ಹಿಡಿಯುವುದೇ ಕಾನೂನಿಗೆ ವಿರುದ್ಧ. ಇಲ್ಲಿಯೂ ಮರಿ ಹಿಡಿದು ಮೀನುಹುಡಿ ಫ್ಯಾಕ್ಟರಿಗೆ ಕಳಿಸುವ ಕತೆ… ಬಿಡಿ, ಅದು ಬೇರೆ ಚರ್ಚೆ.

ಕೆರೆ ಏರಿ
ಬೇರೆ ಚರ್ಚೆ ಅಲ್ಲ. ಆ ಮೀನುಹುಡಿಯೇ ಪಂಜರದ ಪೆಲೆಟ್‌ಗೆ ಬರೋದು.

ಬೈಗೆ ಬಲೆ
ಅದೂ ಹೌದು. ಪೆಲೆಟ್ ಬಿಟ್ಟು ಬೈಗೆ, ಅಂದರೆ ಬೂತಾಯಿಯನ್ನೇ ಕೊಚ್ಚಿ ಹಾಕುವವರೂ ಉಂಟು. ಅದರಲ್ಲಿ 1 ಕೆಜಿ ಸೀಬಾಸಿಗೆ 5ರಿಂದ 8 ಕೆಜಿ ಬೈಗೆ ಬೇಕು. ಪೆಲೆಟ್ ಆದರೆ ಒಂದೂವರೆ, ಎರಡು ಕೆಜಿಯಲ್ಲಿ ಮುಗಿಯುತ್ತದೆ. ಬಿಸಿಲಲ್ಲಿ ಬಿದ್ದು ಕಮಟು ಹಿಡಿದ ಬೈಗೆ ಹಾಕಿದರೆ ಇನ್ನೊಂದು ಪೇಚು. ಕೆಟ್ಟ ಎಣ್ಣೆ ಮೀನಿನ ಮೈಯಲ್ಲಿರುವ ವಿಟಮಿನ್ ಇ ತಿಂದು ಹಾಕುತ್ತದೆ, ಹೊಟ್ಟೆಯ ಬಿಳಿ ಕೊಬ್ಬು ಹಳದಿ-ಕಂದು ಆಗುತ್ತದೆ, ಈಲಿ ಬಿಳಿಚಿಕೊಳ್ಳುತ್ತದೆ. ಹಸಿ ಬೈಗೆಯಲ್ಲಿ ವಿಟಮಿನ್ ಬಿ1 ಹಾಳು ಮಾಡುವ ಕಿಣ್ವವೂ ಉಂಟು. ಅಂಥ ಮೀನಿನ ಕೊಬ್ಬು ಎಷ್ಟು ಶೇಕಡಾ ಅಂತ ಕೇಳುವುದಕ್ಕಿಂತ ಯಾವ ಬಣ್ಣ ಅಂತ ಕೇಳಬೇಕು.

ಸಾಕ್ಸ್‌ಲೆಟ್
ಮತ್ತೆ ಮೂಲ ಪ್ರಶ್ನೆಗೆ. ಅಳಿವೆಯಂಚು, ಕೊಬ್ಬು ತೆಗೆದ ವಿಧಾನ ಏನು ಬರೆದಿದೆ?

ಅಳಿವೆಯಂಚು
ಅಳಿವೆಯದ್ದು ಸಾಕ್ಸ್‌ಲೆಟ್ ಉಪಕರಣದಲ್ಲಿ, ಪೆಟ್ರೋಲಿಯಂ ಈಥರಿನಿಂದ. ಪಂಜರದ್ದು ಫೋಲ್ಚ್ ವಿಧಾನ, ಕ್ಲೋರೋಫಾರ್ಮ್-ಮೆಥನಾಲಿನಿಂದ.

ಸಾಕ್ಸ್‌ಲೆಟ್
ಮೂರನೇ ಗುಂಡಿ! ನನ್ನ ಹೆಸರಿನದ್ದೇ ಉಪಕರಣ, ಆದರೂ ಹೇಳಲೇಬೇಕು, ಎಳೆಯ ಬಡಕಲು ಮೀನಿಗೆ ಅದು ಮೋಸ ಮಾಡುತ್ತೆ.

ಕಾರಣ ಇಷ್ಟು. ಮೀನಿನಲ್ಲಿ ಎರಡು ಬಗೆಯ ಕೊಬ್ಬು. ಕೂಡಿಟ್ಟ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಈಥರಿನಲ್ಲಿ ಸಲೀಸಾಗಿ ಕರಗಿ ಬರುತ್ತೆ. ಜೀವಕೋಶದ ಪೊರೆಯಲ್ಲಿರೋ ಫಾಸ್ಫೋಲಿಪಿಡ್ ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಬರೀ ಈಥರಿಗೆ ಪೂರ್ತಿ ಬಿಟ್ಟುಕೊಡಲ್ಲ. ಕೊಬ್ಬಿದ ಮೀನಿನಲ್ಲಿ ಈ ಎರಡನೆಯದು ಒಟ್ಟಿನ ಸಣ್ಣ ಪಾಲು, ಬಿಟ್ಟುಹೋದರೂ ಗೊತ್ತಾಗಲ್ಲ. ಒಂದೂವರೆ ಶೇಕಡಾ ಕೊಬ್ಬಿನ ಮರಿಯಲ್ಲಿ ಅದೇ ದೊಡ್ಡ ಪಾಲು. ಹಾಗಾಗಿ 1.32 ಅನ್ನೋದು ಇರಬೇಕಾದ್ದಕ್ಕಿಂತ ಕಡಿಮೆಯೇ. ಒಮೆಗಾ-3 ಹೆಚ್ಚಾಗಿ ಕೂತಿರೋದೂ ಆ ಫಾಸ್ಫೋಲಿಪಿಡ್‌ನಲ್ಲೇ.

ಫೋಲ್ಚ್‌ಗೆ 1 ಗ್ರಾಂ ಹಸಿ ಮಾಂಸಕ್ಕೆ 20 ಮಿಲೀ ಕ್ಲೋರೋಫಾರ್ಮ್-ಮೆಥನಾಲ್ (2:1). ಚೆನ್ನಾಗಿ ಅರೆದು ಸೋಸಿ, 4 ಮಿಲೀ 0.9% ಉಪ್ಪುನೀರು ಹಾಕಿ ಕುಲುಕಿ ಬಿಡಿ. ಎರಡು ಪದರ ಆಗುತ್ತೆ, ಬೇಕಾದ್ದು ಕೆಳಗಿನದು. ನಡುವೆ ಬಿಳಿ ತೆರೆ ಇರುತ್ತೆ, ಪಿಪೆಟ್‌ಗೆ ಅದು ಬಂದರೆ ಪ್ರೋಟೀನ್ ಸೇರಿ ತೂಕ ಸುಳ್ಳಾಗುತ್ತೆ. ಕೆಳಪದರವನ್ನ ಮೊದಲೇ ತೂಗಿಟ್ಟ ಶೀಶೆಗೆ ಹಾಕಿ ನೈಟ್ರೋಜನ್ ಊದಿ ಒಣಗಿಸಿ ತೂಗಿ. ಕೊಬ್ಬಿನಾಮ್ಲ ನೋಡೋದಿದ್ದರೆ ದ್ರಾವಕಕ್ಕೆ ಮೊದಲೇ 0.01% ಬಿಎಚ್‌ಟಿ (ಎಣ್ಣೆ ಕಮಟಾಗದಂತೆ ತಡೆಯೋ ಪದಾರ್ಥ) ಸೇರಿಸಿ, ಮಾದರಿಯನ್ನ 105 ಡಿಗ್ರಿ ಒಲೆಯಲ್ಲಿ ಒಣಗಿಸಲೇಬೇಡಿ. ಒಮೆಗಾ-3 ಅಲ್ಲೇ ಹಾಳಾಗುತ್ತೆ. ಹೊಗೆಗೂಡಿನ (ಫ್ಯೂಮ್ ಹುಡ್) ಹೊರಗೆ ಕ್ಲೋರೋಫಾರ್ಮ್ ಶೀಶೆ ತೆಗೀಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಂದ್ಕೊಂಡಿದ್ದೀನಿ.

ಡ್ಯಾಂ ದಂಡಿ
ಲ್ಯಾಬ್ ಇಲ್ಲದವರು ಏನ್ ಮಾಡಬೇಕ್ರಿ? ದಂಡ್ಯಾಗ ಕುಂತು ನೋಡು ದಾರಿ ಐತೇನು?

ತವುಡುಹಿಂಡಿ
ಇದೆ, ಅಂದಾಜಿಗೆ. ಒಂದು, ಮೈಕಟ್ಟಿನ ಅಂಕಿ (ಕಂಡಿಷನ್ ಫ್ಯಾಕ್ಟರ್): ತೂಕ (ಗ್ರಾಂ) × 100, ಅದನ್ನ ಉದ್ದದ (ಸೆಂಮೀ) ಘನದಿಂದ ಭಾಗಿಸಿ. 28 ಸೆಂಮೀ ಮೀನು 300 ಗ್ರಾಂ ತೂಗಿದರೆ 1.37, ಅದೇ ಉದ್ದದ್ದು 250 ತೂಗಿದರೆ 1.14. ಒಂದೇ ಜಾತಿಯೊಳಗೆ ಮಾತ್ರ ಹೋಲಿಸಿ. ಹೊಟ್ಟೆ ತುಂಬ ಮೇವಿದ್ದರೂ ಈ ಅಂಕಿ ಏರುತ್ತೆ, ಅದಕ್ಕೆ 24 ಗಂಟೆ ಉಪವಾಸ ಹಾಕಿ ತೂಗಬೇಕು.

ಇನ್ನೊಂದು, ಹೊಟ್ಟೆ ಸೀಳಿ ಕರುಳಿನ ಸುತ್ತಲ ಕೊಬ್ಬನ್ನ ಬೆರಳಲ್ಲೇ ಬಿಡಿಸಿ ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿ. ಈಲಿಯನ್ನೂ ಬೇರೆ ತೂಗಿ. ಮೈತೂಕದ ಶೇಕಡಾ ಎಷ್ಟು ಅಂತ ಬರೆದಿಟ್ಟುಕೊಂಡರೆ ತಿಂಗಳಿಂದ ತಿಂಗಳಿಗೆ ಕತೆ ಕಾಣುತ್ತೆ. ಒಂದೆರಡು ಮೀನು ಸಾಲಲ್ಲ, ಒಂದೊಂದು ಗುಂಪಿನಿಂದ ಹತ್ತಾದರೂ ಬೇಕು, ಒಂದೇ ಉದ್ದದ್ದು.

ಅಳಿವೆಯಂಚು
ಸೀಬಾಸಿನಲ್ಲಿ ಆ 'ಒಂದೇ ಉದ್ದ' ಸಿಗೋದೇ ಕಷ್ಟ. ದೊಡ್ಡ ಮರಿ ಚಿಕ್ಕ ಮರಿಯನ್ನೇ ನುಂಗುತ್ತೆ, ವಾರಕ್ಕೊಮ್ಮೆ ಗಾತ್ರವಾರು ಬೇರ್ಪಡಿಸದಿದ್ರೆ ಅರ್ಧ ಮಾಯ. ಬೆಳವಣಿಗೆಯಲ್ಲಿ ಮುಂದೆ ಓಡಿದ ಮರಿಗಳೇ ಹೆಚ್ಚು ಕೊಬ್ಬಿರೋದು. ಬಲೆಚೀಲ ಹಾಕಿದಾಗ ಮೊದಲು ಮೇವಿಗೆ ನುಗ್ಗಿ ಸಿಗೋದೂ ಅವೇ. ಹಾಗೆ ಹಿಡಿದ ಮಾದರಿ ಪಂಜರದ ಸರಾಸರಿ ಅಲ್ಲ.

ಕೆರೆ ಏರಿ
ತೇವಾಂಶದಿಂದ ಕೊಬ್ಬು ಅಂದಾಜು ಮಾಡೋ ಸೂತ್ರ ಇದೆಯಲ್ಲ? ನೀರು + ಕೊಬ್ಬು = 80?

ಸಾಕ್ಸ್‌ಲೆಟ್
ಬೂತಾಯಿ, ಬಂಗುಡೆಗೆ ಪರವಾಗಿಲ್ಲ. ಕೊಬ್ಬು ಏರಿದಷ್ಟೂ ನೀರು ಇಳಿಯುತ್ತೆ, ಮೊತ್ತ 80ರ ಆಸುಪಾಸು. ಎರಡು ಶೇಕಡಾಕ್ಕಿಂತ ಕಡಿಮೆ ಕೊಬ್ಬಿನ ಮರಿಗೆ ಬೇಡ. ನೀರಿನ ಅಳತೆಯಲ್ಲಿ ಒಂದು ಶೇಕಡಾ ತಪ್ಪಿದರೆ ಕೊಬ್ಬೇ ಇಲ್ಲದಂತೆ ಕಾಣಬಹುದು, ಇಲ್ಲಾ ದುಪ್ಪಟ್ಟಾಗಬಹುದು. ಐಸಿನಲ್ಲಿಟ್ಟ ಮೀನು ನೀರು ಹೀರಿರುತ್ತೆ, ಅದು ಬೇರೆ.

ಗಾಳದವ
ಎಲ್ಲಾ ಸರಿ. ತಿನ್ನೋನಿಗೆ ಒಂದೇ ಮಾತಲ್ಲಿ ಹೇಳಿ, ಕೊಬ್ಬು ಜಾಸ್ತಿ ಇರೋ ಮೀನು ಕೆಟ್ಟದ್ದಲ್ವಾ?

ಪಥ್ಯದಡುಗೆ
ಒಂದೇ ಮಾತಲ್ಲಿ: ಅಲ್ಲ. ಈಗ ಲೆಕ್ಕ ನೋಡಿ. ಕಾಡು ಮೀನಿನ ಕೊಬ್ಬಾಮ್ಲದಲ್ಲಿ ಇಪಿಎ, ಡಿಎಚ್‌ಎ (ಎರಡೂ ಒಮೆಗಾ-3 ಕೊಬ್ಬಾಮ್ಲಗಳೇ) ಸೇರಿ 30%, ಸಾಕಿದ್ದರಲ್ಲಿ 12% ಅಂತ ಇಟ್ಕೊಳ್ಳಿ. ನೋಡಿದ ತಕ್ಷಣ ಕಾಡು ಮೀನು ಗೆದ್ದ ಹಾಗೆ. ಆದ್ರೆ 100 ಗ್ರಾಂಗೆ ಕೊಬ್ಬು 1.5 ಗ್ರಾಂ ಇರೋ ಕಾಡು ಮೀನಲ್ಲಿ ಕೊಬ್ಬಾಮ್ಲ ಸುಮಾರು 1.26 ಗ್ರಾಂ, ಅದರ 30% ಅಂದ್ರೆ 0.38 ಗ್ರಾಂ. ಕೊಬ್ಬು 6 ಗ್ರಾಂ ಇರೋ ಸಾಕಿದ ಮೀನಲ್ಲಿ ಕೊಬ್ಬಾಮ್ಲ ಸುಮಾರು 5.46 ಗ್ರಾಂ, ಅದರ 12% ಅಂದ್ರೆ 0.66 ಗ್ರಾಂ. ಹೊಟ್ಟೆಗೆ ಹೋಗೋದು ಗ್ರಾಂ, ಶೇಕಡಾ ಅಲ್ಲ. ದೊಡ್ಡವರಿಗೆ ದಿನಕ್ಕೆ 0.25 ಗ್ರಾಂ ಇದ್ದರೆ ಸಾಕು ಅಂತಾರೆ, ಎರಡೂ ದಾಟಿದವು.

ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಅಟ್ಲಾಂಟಿಕ್ ಸಾಲ್ಮನ್ ಕತೆಯೂ ಇದೇ. 100 ಗ್ರಾಂ ಹಸಿ ಮೀನಿಗೆ ಕಾಡಿನದ್ದು 6.34 ಗ್ರಾಂ ಕೊಬ್ಬು, 142 ಕ್ಯಾಲರಿ. ಸಾಕಿದ್ದು 13.42 ಗ್ರಾಂ, 208 ಕ್ಯಾಲರಿ. ಪ್ರೋಟೀನ್ ಎರಡರಲ್ಲೂ 20ರ ಹತ್ತಿರ. ತೂಕ ಇಳಿಸೋರಿಗೆ ಆ 66 ಕ್ಯಾಲರಿ ಮುಖ್ಯ, ಉಳಿದವರಿಗೆ ಅಷ್ಟಿಲ್ಲ.

ಅಳಿವೆಯಂಚು
ಮೇಡಂ, 12% ಬರಬೇಕಾದ್ರೆ ಮೇವಿನಲ್ಲಿ ಮೀನೆಣ್ಣೆ ಇರಬೇಕು. ಸೋಯಾ ಎಣ್ಣೆ ಹಾಕಿ ಬೆಳೆಸಿದ್ರೆ ಲಿನೋಲಿಕ್ ತುಂಬಿಕೊಳ್ಳುತ್ತೆ, ಒಮೆಗಾ-6 ಏರುತ್ತೆ. ರೋಹು, ಕಟ್ಲಾದಂಥ ಸಿಹಿನೀರಿನ ಮೀನು ಚಿಕ್ಕ ಒಮೆಗಾ-3ಯಿಂದ ಇಪಿಎ, ಡಿಎಚ್‌ಎಯನ್ನ ಅಷ್ಟಿಷ್ಟಾದ್ರೂ ತಾನೇ ಮಾಡಿಕೊಳ್ಳುತ್ತೆ. ಸೀಬಾಸಿಗೆ ಆ ಕೈಚಳಕ ಇಲ್ಲವೆಂದೇ ಹೇಳಬೇಕು. ತಿಂದದ್ದೇ ಮೈಗೆ. ಅದಕ್ಕೇ ಕೊನೆಯ 8–12 ವಾರ ಮೀನೆಣ್ಣೆಯ ಮೇವಿಗೆ ಬದಲಾಯಿಸ್ತಾರೆ. ಆಗ ಇಪಿಎ, ಡಿಎಚ್‌ಎ ಏರುತ್ತೆ, ಆದ್ರೆ ಹಳೇ ಲಿನೋಲಿಕ್ ಪೂರ್ತಿ ಹೋಗಲ್ಲ, ಹೊಸ ಕೊಬ್ಬಿನಲ್ಲಿ ನಿಧಾನಕ್ಕೆ ತೆಳುವಾಗುತ್ತೆ ಅಷ್ಟೆ.

ಪಥ್ಯದಡುಗೆ
ಒಪ್ಪಿದೆ, ಆ ಷರತ್ತು ನಾನೇ ಹೇಳಬೇಕಿತ್ತು. ಇನ್ನೊಂದು ವಿಷಯ: ತೆಳು ಮೀನನ್ನ ಎಣ್ಣೆಯಲ್ಲಿ ಕರಿದರೆ ಅದು ಎಣ್ಣೆ ಕುಡಿಯುತ್ತೆ, ಕೊಬ್ಬಿನ ಮೀನು ತನ್ನದನ್ನ ಬಿಡುತ್ತೆ. ರವೆ ಫ್ರೈ ಮಾಡಿದ ಮೇಲೆ 1.3ಕ್ಕೂ 5.2ಕ್ಕೂ ಜಗಳ ಆಡೋದ್ರಲ್ಲಿ ಏನೂ ಉಳಿಯಲ್ಲ.

ಗಾಳದವ
ಹಹ, ಇದು ಮನೆಯಲ್ಲಿ ಹೇಳಬೇಡಿ.

ಡ್ಯಾಂ ದಂಡಿ
ಮಣ್ಣಿನ ವಾಸನಿ ಬಗ್ಗೆ ಯಾರೂ ಹೇಳಲಿಲ್ಲ. ಕೊಳದಾಗಿನ ನೀಲಿ-ಹಸಿರು ಪಾಚಿ ಮಾಡೋ ಜಿಯೋಸ್ಮಿನ್ ಕೊಬ್ಬಿನಾಗ ಕರಗಿ ಕುಂದರ್ತದ. ಕೊಬ್ಬಿದ ಮೀನಿಗೆ ವಾಸನಿ ಜಾಸ್ತಿ, ಹೋಗೋದೂ ತಡ. ಹಿಡಿಯೋ ಮೊದ್ಲ ಸ್ವಚ್ಛ ಹರಿಯೋ ನೀರಾಗ ಮೇವಿಲ್ಲದ ಕೆಲವು ದಿನ ಇಡಬೇಕು. ಹುಣಸಿಹಣ್ಣು ಹಚ್ಚಿ ತೊಳದ್ರ ಮ್ಯಾಲಿನದು ಹೋಗ್ತದ, ಒಳಗಿಂದು ಹೋಗಂಗಿಲ್ಲ.

ಅಳಿವೆಯಂಚು
ಸರಿ, ಮತ್ತೆ ಮಾಡಿಸ್ತೀವಿ. ಎರಡೂ ಗುಂಪಿನಿಂದ ಹತ್ತತ್ತು ಮೀನು, 26–28 ಸೆಂಮೀ, ಒಂದೇ ವಾರದಲ್ಲಿ ಹಿಡಿದದ್ದು, ಒಂದು ದಿನ ಉಪವಾಸ. ಬೆನ್ನಿನ ಫಿಲೆಟ್ ಬೇರೆ, ಹೊಟ್ಟೆ ಪಕ್ಕದ ಮಾಂಸ ಬೇರೆ, ಈಲಿ ಮತ್ತು ಒಳಗಿನ ಕೊಬ್ಬಿನ ತೂಕ ಬೇರೆ. ಎಲ್ಲಕ್ಕೂ ಫೋಲ್ಚ್, ಹಸಿ ತೂಕ, ಪಕ್ಕದಲ್ಲಿ ತೇವಾಂಶ. ಹಳೇ ಮಾದರಿ ಫ್ರೀಜರಿನಲ್ಲಿ ಉಳಿದಿದೆ, ಅದನ್ನೂ ಕಳಿಸಲಾ?

ಸಾಕ್ಸ್‌ಲೆಟ್
ಎಷ್ಟು ತಿಂಗಳಾಯ್ತು, ಎಷ್ಟು ಡಿಗ್ರಿ?

ಅಳಿವೆಯಂಚು
ಮೈನಸ್ 20, ಐದು ತಿಂಗಳು.

ಸಾಕ್ಸ್‌ಲೆಟ್
ಕೊಬ್ಬಾಮ್ಲಕ್ಕೆ ಬೇಡ. ಮೈನಸ್ 20ರಲ್ಲೂ ಕಿಣ್ವಗಳು ಫಾಸ್ಫೋಲಿಪಿಡ್ ಒಡೆಯುತ್ತಲೇ ಇರುತ್ತವೆ, ಸಡಿಲ ಚೀಲದಲ್ಲಿದ್ದರೆ ತೇವವೂ ಹಾರಿರುತ್ತೆ. ಹೊಸದೇ ಹಿಡಿಯಿರಿ. ಅಂದ ಹಾಗೆ ಆ ಅಳಿವೆ ಫಿಲೆಟ್ ಚರ್ಮ ಇಟ್ಟದ್ದಾ, ಸುಲಿದದ್ದಾ?

ಅಳಿವೆಯಂಚು
…ಸುಲಿದದ್ದು.

ತವುಡುಹಿಂಡಿ
ಚರ್ಮದಡಿಯ ಕೊಬ್ಬೂ ಹೋಯ್ತು. ನಾಲ್ಕನೇ ಗುಂಡಿ.